ಕೆಂಪು ದೀಪದಲ್ಲಿ ಮಗನ ಹೆಸರು

ನನ್ನ ಮಗ ಕರ್ಟಿಸ್ ತನ್ನ ಹೆಂಡತಿ ಟ್ರೀನಾಳ ಮುಂಗೈ ಮುರಿದದ್ದು ಈಸ್ಟರ್ ಹಬ್ಬದ ದಿನ, ನನ್ನದೇ ಊಟದ ಮೇಜಿನ ಮುಂದೆ. ಅವಳು ಬಡಿಸಿದ ಹಂದಿಮಾಂಸ ಆರಿಹೋಗಿತ್ತು, ಅಷ್ಟೇ ತಪ್ಪು. ಅವಳ ಕೈಯನ್ನು ಮೇಜಿನ ಅಂಚಿಗಿಟ್ಟು ಒತ್ತಿದ. ಒಣಕಡ್ಡಿ ಮುರಿದಂಥ ಸದ್ದಾಯಿತು. ಆಮೇಲೆ ಬಾಯಿ ಒರೆಸಿಕೊಂಡು, "ಅಮ್ಮ, ಆ ಆಲೂಗಡ್ಡೆ ಈ ಕಡೆ ಸರಿಸು" ಎಂದ. ಪುಟ್ಟ ಮೊಮ್ಮಗಳು ಒಪಲ್ ಆಗಲೇ ಮೇಜಿನ ಕೆಳಗೆ ಸೇರಿಕೊಂಡಿದ್ದಳು. ಎಲ್ಲಿ ಅಡಗಬೇಕೆಂದು ಆ ಮಗುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೊಲೀಸರಿಗೆ ಫೋನ್ ಮಾಡಬಾರದಿತ್ತೇ ಎನ್ನುತ್ತೀರಿ. ಮಾಡಿದೆ. ಬಂದವನು ರಸ್ಟಿ. ನನ್ನ ಮಗನೂ ಪೊಲೀಸನೇ, ಇಬ್ಬರದೂ ಒಂದೇ ಶೆರಿಫ್ ಕಚೇರಿ. ಇಬ್ಬರೂ ಜಗಲಿಯಲ್ಲಿ ನಿಂತು ನಾನು ಮಾಡಿದ ಸೇಬಿನ ಪೈ ತಿಂದರು. ಹೋಗುವಾಗ ರಸ್ಟಿ, "ವರ್ನಾ ಆಂಟಿ, ನಿಮ್ಮನೆ ಮೆಟ್ಲು ಜಾರತ್ತೆ ಕಣ್ರೀ, ಸ್ವಲ್ಪ ಮರಳು ಹಾಕ್ಸಿ" ಎಂದ. ಬೇಲಿಯೇ ಎದ್ದು ಹೊಲ ಮೇಯುವಾಗ ಇನ್ನಾರಿಗೆ ದೂರುವುದು? ಅವನ ಮುಸುಡಿಗೆ ಪೈ ತಟ್ಟೆಯಲ್ಲೇ ಬಾರಿಸಬೇಕೆನಿಸಿತು.

ನದಿ ದಾಟಿದರೆ ಬೇರೆ ರಾಜ್ಯ. ಅಲ್ಲಿ ಟ್ರೀನಾಳ ಚಿಕ್ಕಮ್ಮ ಇದ್ದಾಳೆ. ಅಲ್ಲಿನ ನ್ಯಾಯಾಧೀಶರು ಕರ್ಟಿಸ್ ಜೊತೆ ಮೀನು ಹಿಡಿಯಲು ಹೋಗುವವರಲ್ಲ. ಆದರೆ ನಮ್ಮ ಜಿಲ್ಲೆಗೆ ಇರುವುದು ಒಂದೇ ಸೇತುವೆ, ಅದರ ಬುಡದಲ್ಲೇ ಶೆರಿಫ್ ಕಚೇರಿ. ಸಾಲದ್ದಕ್ಕೆ ಕರ್ಟಿಸ್ ದಿನವಿಡೀ ಕಾರಿನಲ್ಲಿ ಸುತ್ತುತ್ತಿರುತ್ತಾನೆ. "ಮಗೂನ ಕರ್ಕೊಂಡು ಹೊಸ್ಲು ದಾಟಿದ್ರೆ ಹೂತಾಕ್ತೀನಿ" ಎಂದು ಹೆಂಡತಿಗೆ ಹೇಳಿದ್ದ. ಅವನು ಆಡಿದ್ದನ್ನು ಮಾಡುವವನು. ಅವನು ಎಲ್ಲೋ ದೂರದಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು ಖಚಿತವಾದ ಹೊತ್ತಿನಲ್ಲೇ ಹೊರಡಬೇಕಾಗಿತ್ತು.

ಅದಕ್ಕಾಗಿ, ಪೊಲೀಸರು ರೇಡಿಯೋದಲ್ಲಿ ಆಡುವ ಮಾತು ಕೇಳಿಸುವ ಸ್ಕ್ಯಾನರ್ ಒಂದನ್ನು ತಂದೆ. ತೀರಿಕೊಂಡ ನನ್ನ ಗಂಡ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದವನು. ನಮ್ಮ ಪಿಕಪ್ ಗಾಡಿಯಲ್ಲಿ, ಅಡುಗೆಮನೆಯಲ್ಲಿ ಒಂದಲ್ಲ ಒಂದು ಸ್ಕ್ಯಾನರ್ ಯಾವಾಗಲೂ ಗೊಣಗುತ್ತಲೇ ಇರುತ್ತಿತ್ತು. ಆಗ ಪೊಲೀಸರಿಗೊಂದು ಚಾನೆಲ್, ಅಗ್ನಿಶಾಮಕ ದಳಕ್ಕೊಂದು; ಗುಂಡಿ ತಿರುಗಿಸಿದರೆ ಮುಗಿಯಿತು. ಈಗಿನ ವ್ಯವಸ್ಥೆಯಲ್ಲಿ ಇಡೀ ಜಿಲ್ಲೆ ಕೆಲವೇ ಚಾನೆಲ್‌ಗಳನ್ನು ಹಂಚಿಕೊಳ್ಳುತ್ತದೆ. ಯಾರು ಬಾಯಿ ತೆರೆದರೂ ಆ ಹೊತ್ತಿಗೆ ಖಾಲಿ ಇರುವುದೊಂದು ಸಿಗುತ್ತದೆ. ಪ್ರಶ್ನೆ ಒಂದರಲ್ಲಿ, ಉತ್ತರ ಮತ್ತೊಂದರಲ್ಲಿ. ಯಾರಿಗೆ ಯಾವುದು ಎಂದು ಅಪ್ಪಣೆ ಕೊಡುವ ನಿಯಂತ್ರಣ ಚಾನೆಲ್ಲನ್ನು ಮೊದಲು ಸ್ಕ್ಯಾನರಿಗೆ ಕಲಿಸಬೇಕು, ಆಮೇಲೆ ಯಾವ ಗುಂಪಿನ ಮಾತು ನಮಗೆ ಬೇಕು ಎಂಬುದನ್ನು. ಶಾಲಾ ಬಸ್ಸಿನವರನ್ನೂ ರಸ್ತೆ ರಿಪೇರಿಯವರನ್ನೂ ಹೊರಗಿಟ್ಟು ಶೆರಿಫ್ ಕಚೇರಿಯ ಗುಂಪನ್ನು ಮಾತ್ರ ಉಳಿಸಿಕೊಂಡೆ. ಪ್ರತಿ ರೇಡಿಯೋಗೂ ಅದರದೇ ಒಂದು ಸಂಖ್ಯೆ ಇರುತ್ತದೆ, ಮಾತಾಡಿದಾಗ ಪರದೆಯ ಮೇಲೆ ಮೂಡುತ್ತದೆ. ಕರ್ಟಿಸ್‌ನ ದನಿ ಬಂದಾಗಲೆಲ್ಲ ಕಣ್ಣಿಟ್ಟು ನೋಡಿದೆ. ಸೊಂಟದ ರೇಡಿಯೋದ್ದು ಒಂದು, ಕಾರಿನದು ಇನ್ನೊಂದು. ಎರಡಕ್ಕೂ ಅವನ ಹೆಸರು ಬರೆದು, ಕೆಂಪು ದೀಪ ಹೊತ್ತಿಕೊಳ್ಳುವಂತೆ ಮಾಡಿದೆ.

ಟ್ರೀನಾ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಅತ್ತೆ, ಅವ್ನು ಎಲ್ಲಿದಾನೆ ಅಂತ ಇದು ಹೇಳತ್ತಾ?"

"ಹೇಳಲ್ಲ ಕಣೇ. ಬೊಗಳ್ತಿರೋದು ಯಾವ ನಾಯಿ ಅಂತ ಹೇಳತ್ತೆ. ಎಲ್ಲಿದೀನಿ ಅಂತ ನಾಯೀನೇ ಬೊಗಳ್ಕೊಳತ್ತೆ."

"ನಿಮ್ಮ ಮಗ ಅತ್ತೆ ಅವ್ನು."

"ಹೆತ್ತೋಳು ನಾನಲ್ವಾ? ನಾಯಿ ಅನ್ನೋ ಹಕ್ಕು ನಂದೇ."

ಅವಳು ನಕ್ಕಳು. ಈಸ್ಟರ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನನಗೆ ಅಳು ಬಂತು.

ಜಿಲ್ಲೆಯ ಉತ್ತರದ ತುದಿಯಲ್ಲಿ ಮರದ ದಿಮ್ಮಿಗಳ ಲಾರಿ ಮಗುಚಿದ ಬೆಳಿಗ್ಗೆ ನಾವು ಹೊರಟೆವು. ಕೆಂಪು ದೀಪ ಹೊತ್ತಿ, ಕರ್ಟಿಸ್‌ನ ದನಿ "ರಸ್ತೆ ಪೂರ್ತಿ ಬಂದ್. ಮಧ್ಯಾಹ್ನದವರೆಗೂ ನಾನಿಲ್ಲೇ" ಎಂದಿತ್ತು. ಮುಂದೆ ನನ್ನ ಪಿಕಪ್, ಅದರಲ್ಲಿ ನನ್ನ ಪಕ್ಕದಲ್ಲೇ ಸ್ಕ್ಯಾನರ್; ಹಿಂದೆ ಟ್ರೀನಾಳ ನೀಲಿ ಕಾರು, ಅದರ ಹಿಂದಿನ ಸೀಟಿನಲ್ಲಿ ಮಗು. ನದಿಯ ಪಕ್ಕದ ರಸ್ತೆ. ಆಗಾಗ ಕೆಂಪು ದೀಪ ಹೊತ್ತುತ್ತಿತ್ತು, "ಸರಿ", "ಆಯ್ತು" ಎಂಬಂಥ ತುಂಡು ಮಾತು. ದೀಪ ಕಂಡಾಗಲೆಲ್ಲ, ಅವನಿನ್ನೂ ಲಾರಿಯ ಹತ್ತಿರವೇ ಇದ್ದಾನೆಂದು ನಾನು ನೆಮ್ಮದಿಯ ಉಸಿರು ಬಿಡುತ್ತಿದ್ದೆ.

ಸೇತುವೆ ಕಾಣುವ ತಿರುವಿಗೆ ಬರುವಾಗ ಅದೇ ಕೆಂಪು ದೀಪದಲ್ಲಿ ಉದ್ದನೆಯ ಮಾತೊಂದು ಬಂತು. "ಕ್ರೇನಿನವ್ನು ಇನ್ನೂ ಬಂದಿಲ್ಲ ಕಣ್ರೀ, ನನ್ನೊಬ್ಬನ ಕೈಲಿ ಆಗಲ್ಲ." ಪರದೆಯ ಮೇಲೆ ನನ್ನ ಮಗನ ಹೆಸರಿತ್ತು, ದನಿ ರಸ್ಟಿಯದು. ನಾನು ಹೆಸರು ಕೊಟ್ಟದ್ದು ರೇಡಿಯೋಗೆ, ಮನುಷ್ಯನಿಗಲ್ಲ. ರಸ್ಟಿಯ ರೇಡಿಯೋದ ಬ್ಯಾಟರಿ ಸತ್ತಿತ್ತು, ಕರ್ಟಿಸ್ ತನ್ನ ಸೊಂಟದ ರೇಡಿಯೋವನ್ನು ಅವನ ಕೈಗೆ ಕೊಟ್ಟು ಹೊರಟುಬಿಟ್ಟಿದ್ದ. ಟ್ರೀನಾ ಗಂಟು ಮೂಟೆ ಕಾರಿಗೆ ಹಾಕುತ್ತಿದ್ದಾಳೆಂದು ಎದುರು ಮನೆಯವಳು ಅವನಿಗೆ ಫೋನ್ ಮಾಡಿದ್ದಳಂತೆ. ಇದೆಲ್ಲ ಆಮೇಲೆ ತಿಳಿದದ್ದು.

ಕನ್ನಡಿಯಲ್ಲಿ ನೋಡಿದೆ. ಕರ್ಟಿಸ್‌ನ ಕಾರು ಟ್ರೀನಾಳ ಕಾರಿನ ಹಿಂಭಾಗಕ್ಕೆ ಗುದ್ದಿತು, ಮತ್ತೆ ಗುದ್ದಿತು, ಆಮೇಲೆ ಮುಂದೆ ನುಗ್ಗಿ ಅಡ್ಡ ನಿಂತಿತು. ನಾನು ಪಿಕಪ್ ತಿರುಗಿಸುವಷ್ಟರಲ್ಲಿ ಅವನು ಲಾಠಿಯಿಂದ ಅವಳ ಕಿಟಕಿ ಒಡೆದಿದ್ದ. ಕೂದಲು ಹಿಡಿದು ಅವಳನ್ನು ಆ ಒಡೆದ ಗಾಜಿನ ಮೇಲೇ ಹೊರಗೆಳೆದ. ಪ್ಲಾಸ್ಟರಿನ ಕೈಯನ್ನು ಬೂಟಿನಿಂದ ತುಳಿದ. ಅವಳ ಮುಖವನ್ನು ಡಾಂಬರಿಗೆ ಕುಟ್ಟಿದ, ಎತ್ತಿ ಮತ್ತೆ ಕುಟ್ಟಿದ. ಹಿಂದಿನ ಸೀಟಿನಲ್ಲಿ ಒಪಲ್ ಬಾಯಿ ತೆರೆದುಕೊಂಡಿದ್ದಳು, ಅಳು ಹೊರಗೆ ಬರುತ್ತಿರಲಿಲ್ಲ. ಅವನು ಪಿಸ್ತೂಲು ತೆಗೆಯಲು ಎದ್ದು ತನ್ನ ಕಾರಿಗೆ ಒರಗಿ ನಿಂತ.

ನಾನು ಬ್ರೇಕ್ ಒತ್ತಲಿಲ್ಲ.

ನನ್ನ ಮಗ ಎರಡು ಗಾಡಿಗಳ ನಡುವೆ ಸಿಕ್ಕಿಕೊಂಡ. ನಾನು ಗೇರ್ ಬದಲಿಸಿ ಹಿಂದೆ ಸರಿದಾಗ ಜಾರಿ ರಸ್ತೆಗೆ ಬಿದ್ದ. ಇಳಿದು ಪಿಸ್ತೂಲನ್ನು ಕಾಲಿನಿಂದ ನದಿಯ ಕಡೆ ಒದ್ದೆ. ಟ್ರೀನಾ ಎದ್ದಳು, ಅವಳ ಮುಖವೇ ಗುರುತು ಸಿಗುತ್ತಿರಲಿಲ್ಲ. ಅವನ ಹತ್ತಿರ ಬರಲು ಹೆಜ್ಜೆ ಇಟ್ಟಳು.

"ಹೋಗೇ!" ಎಂದು ಕಿರುಚಿದೆ. "ನೋಡ್ಬೇಡ! ಮಗು ಕರ್ಕೊಂಡು ಹೋಗು!"

ಅವಳು ಅಡ್ಡ ನಿಂತ ಕಾರನ್ನು ರಸ್ತೆಯ ಅಂಚಿನಿಂದ ಬಳಸಿ ಹೋದಳು.

ಕರ್ಟಿಸ್‌ನ ತೊಡೆಯ ಸಂದಿಯಿಂದ ರಕ್ತ ಚಿಮ್ಮುತ್ತಿತ್ತು. ಪಟ್ಟಿ ಬಿಗಿಯುವಂಥ ಜಾಗವಲ್ಲ. ನನ್ನ ಸ್ವೆಟರ್ ಮುದ್ದೆ ಮಾಡಿ ಮೊಣಕಾಲಿನಿಂದ ಒತ್ತಿ ಹಿಡಿದು, ತೆರೆದ ಬಾಗಿಲಿನೊಳಗೆ ಕೈ ಚಾಚಿ ಕಾರಿನ ರೇಡಿಯೋದ ಮೈಕು ಎಳೆದುಕೊಂಡೆ.

"ಅಮ್ಮ, ಕೊಡು ಇಲ್ಲಿ."

"ಆಂಬುಲೆನ್ಸ್ ಕರೀತೀನಿ ಸುಮ್ನಿರೋ ಮಗನೇ."

"ಮೊದ್ಲು ಸೇತುವೆ ಮುಚ್ಸು. ಮಗೂನ ಕದ್ಕೊಂಡ್ ಹೋಗ್ತಿದಾಳೆ ಅನ್ನು. ಅವ್ಳು ದಾಟ್ಬಾರ್ದು." ಹಲ್ಲು ಕಚ್ಚಿ ನನ್ನ ಮಣಿಕಟ್ಟು ತಿರುಚಿದ. ಆ ಸ್ಥಿತಿಯಲ್ಲೂ ಎಂಥ ಬಲ!

ಮೈಕಿನಲ್ಲಿ ನಾನು ಒಂದು ಮಾತಾಡಿದರೂ ಸೇತುವೆ ಬುಡದ ಕಚೇರಿಯವರೆಲ್ಲ ಈ ಕಡೆ ಓಡಿ ಬರುತ್ತಾರೆ. ಗಾಜು ಒಡೆದ ನೀಲಿ ಕಾರು ಅವರ ಎದುರಿಗೇ ಸಿಗುತ್ತದೆ. ಫೋನ್ ಮಾಡಿದರೂ ಎತ್ತುವವರು ಅವರೇ. ಅವನನ್ನು ನೋಡಿದೆ, ರಸ್ತೆ ನೋಡಿದೆ. ಅವನು ಬೈದ, ಗೋಗರೆದ, ಕೊನೆಗೆ ಬರೀ "ಅಮ್ಮ" ಎಂದ. ಒಂಬತ್ತು ತಿಂಗಳು ಹೊತ್ತವಳಿಗೆ ಆ ಕರೆ ಹೇಗೆ ಕೇಳಿಸುತ್ತದೆಂದು ಯಾರೂ ನನಗೆ ಹೇಳಬೇಕಾಗಿಲ್ಲ. ಆದರೂ ನನ್ನ ಬೆರಳು ಮೈಕಿನ ಗುಂಡಿ ಒತ್ತಲಿಲ್ಲ. ನೀಲಿ ಕಾರು ಸೇತುವೆ ಹತ್ತಿತು, ನಡುವಿಗೆ ಬಂತು, ಆಚೆಯ ದಡದ ಮರಗಳಲ್ಲಿ ಮರೆಯಾಯಿತು.

ಆಗ ಒತ್ತಿದೆ.

"ಕರ್ಟಿಸ್ ಕಾರಿಂದ ಯಾರು ಮಾತಾಡ್ತಿರೋದು?" ಕಚೇರಿಯ ಹುಡುಗಿ ಕೇಳಿದಳು.

"ಅವರಮ್ಮ. ನದಿ ತಿರುವಲ್ಲಿದೀವಿ. ಆಂಬುಲೆನ್ಸ್ ಕಳ್ಸಮ್ಮ. ತುಂಬಾ ರಕ್ತ ಹೋಗ್ತಿದೆ."

"ಆಂಬುಲೆನ್ಸ್ ಲಾರಿ ಹತ್ರ ಇದೆ ಆಂಟಿ, ಹೊತ್ತಾಗತ್ತೆ. ಯಾರು ಗುದ್ದಿದ್ದು?"

"ನಾನೇ."



"ಈಗ ತಾನೇ ಆಗಿದ್ದಾ ಆಂಟಿ?"

"ಇಲ್ಲಮ್ಮ" ಎಂದೆ. "ಆಗಿ ಆಗ್ಲೇ ಹೊತ್ತಾಯ್ತು."

ನನ್ನ ಮಣಿಕಟ್ಟು ಹಿಡಿದಿದ್ದ ಅವನ ಕೈ ಇನ್ನೂ ಅಲ್ಲೇ ಇತ್ತು. ಅದು ತಣ್ಣಗಾಗುತ್ತಿತ್ತು.