ಬನಹಟ್ಟಿಯ ರೊಕ್ಕ, ದುಬೈ ಮನೆ

ಎರಡನೆಯ ಬೋಲ್ಟು ಬಿಚ್ಚುವಾಗ ಪಾನಾ ಜಾರಿ ಪರಮಾನಂದನ ಬೆರಳಿಗೆ ಬಡಿಯಿತು. ಬೆರಳನ್ನು ಬಾಯಿಗಿಟ್ಟು ಚೀಪಿ, ಮತ್ತೆ ತಿರುಗಿಸತೊಡಗಿದ. ಮನೆಯ ನಾಲ್ಕು ಪವರ್‌ಲೂಮುಗಳಲ್ಲಿ ಎರಡನ್ನು ಮಾರಲು ಮಾತಾಗಿತ್ತು. ಒಯ್ಯಲು ಬಂದ ಟೆಂಪೋ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು.

ಪರಮಾನಂದನ ತಮ್ಮ ನವೀನ ದುಬೈಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹಲವರಿರುವ ಕೋಣೆಯಲ್ಲಿ ಒಂದು ಮಂಚ ಅವನದು. ಮದುವೆಯಾದಾಗಿನಿಂದ ಹೆಂಡತಿ ಕಾವ್ಯ ಬನಹಟ್ಟಿಯಲ್ಲೇ ಇದ್ದಾಳೆ. ದುಬೈಯಲ್ಲೊಂದು ಸಣ್ಣ ಮನೆ ಕೊಂಡರೆ ಅವಳೂ ಹೋಗಬಹುದು. ಮುಂಗಡಕ್ಕೆ ಕೂಡಿಟ್ಟದ್ದು ಸಾಲದೆ ಮಗ್ಗಕ್ಕೆ ಕೈ ಹಾಕಿದ್ದರು.

ಸೀರೆ ವ್ಯಾಪಾರಿ ದುಂಡೇಶ ಕಟ್ಟೆಯ ಮೇಲೆ ಕೂರುತ್ತಿದ್ದ, ಏಳುತ್ತಿದ್ದ. ರೂಪಾಯಿ ತನ್ನ ಕೈಗೆ ಕೊಟ್ಟರೆ ಸಾಕು, ದುಬೈಯಲ್ಲಿ ತನ್ನ ಕಡೆಯವನು ಮನೆ ಮಾರುವವರಿಗೆ ಅಲ್ಲಿಯ ದಿರ್ಹಮ್ ಮುಟ್ಟಿಸುತ್ತಾನೆ, ಬ್ಯಾಂಕಿಗಿಂತ ಸೋವಿ, ಆದರೆ ಇವತ್ತೇ ಆಗಬೇಕು ಎನ್ನುತ್ತಿದ್ದ.

ಈ ಅವಸರ ಕಾವ್ಯಳಿಗೆ ಸರಿ ಕಾಣಲಿಲ್ಲ. ಪಕ್ಕದ ಮನೆಯ ಪ್ರತಿಮಾಳನ್ನು ಕರೆತಂದಳು. ಪ್ರತಿಮಾ ಜಮಖಂಡಿಯ ಬ್ಯಾಂಕೊಂದರಲ್ಲಿ ನೌಕರಿ ಮಾಡುತ್ತಾಳೆ.

ಪರಮಾನಂದ ತಲೆ ಎತ್ತಲಿಲ್ಲ. "ಸೊಲ್ಲಾಪುರದ ಅಂಗಡಿಯವನ ಕೂಡ ನಮ್ಮ ಲೆಕ್ಕ ಅಪ್ಪನ ಕಾಲದಿಂದ ಹಿಂಗ ನಡದೈತಿ, ಅಕ್ಕಾರ. ಇಲ್ಲಿ ಕೊಟ್ರ ಅಲ್ಲಿ ಮುಟ್ಟತೈತಿ."

"ಮುಟ್ಟಲಿಲ್ಲಂದ್ರ?" ಪ್ರತಿಮಾ ಕೇಳಿದಳು.

"ಬಸ್ ಹತ್ತಿ ಹೋಗಿ ಅಂವನ ಅಂಗಡಿ ಮುಂದ ಕುಂದರ್ತೇನಿ."

"ಹೋದ ಸರತಿ ಕುಂತು, ಚಾ ಕುಡದು, ಬರಿಗೈಲೆ ಬಂದ್ರಿ," ಎಂದಳು ಅವನ ಹೆಂಡತಿ ಶೇವಂತಿ.

"ದುಬೈದಾಗ ಯಾರ ಅಂಗಡಿ ಮುಂದ ಕುಂದರ್ತೀರಿ?" ಪ್ರತಿಮಾ ಮತ್ತೆ ಕೇಳಿದಳು.

ಪಾನಾ ನಿಂತಿತು.

ಪ್ರತಿಮಾ ಬಿಡಿಸಿ ಹೇಳಿದಳು. ದುಂಡೇಶ ಹೇಳುವ ದಾರಿ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಕೊಟ್ಟವರಿಗೂ ದಂಡ. ರೊಕ್ಕ ಮುಳುಗಿದರೆ ಕೇಳಲು ಕಾಗದವಿಲ್ಲ. ಬ್ಯಾಂಕಿನಲ್ಲಾದರೆ ನಿಮ್ಮ ಖಾತೆಯಿಂದ ಹೋಗುವುದು ರೂಪಾಯಿಯೇ. ಅದನ್ನು ದಿರ್ಹಮ್ ಮಾಡಿ ಕಳಿಸುವುದು ಬ್ಯಾಂಕಿನ ಕೆಲಸ. ಪ್ಯಾನ್ ಕಾರ್ಡ್ ಬೇಕು, ಒಬ್ಬರು ವರ್ಷಕ್ಕೆ ಇಷ್ಟೇ ಕಳಿಸಬಹುದೆಂಬ ಮಿತಿ ಇದೆ, ಮೊತ್ತ ದೊಡ್ಡದಾದರೆ ತೆರಿಗೆಯನ್ನೂ ಹಿಡಿಯುತ್ತಾರೆ. ಮನೆಯ ಬೆಲೆ ದಿರ್ಹಮ್‌ನಲ್ಲಿರುವುದರಿಂದ ಮುಂಗಡದ ನಂತರದ ಕಂತು ರೂಪಾಯಿ ಲೆಕ್ಕದಲ್ಲಿ ಏರಬಹುದು, ಇಳಿಯಬಹುದು. ಅದಕ್ಕೆಂದು ಸ್ವಲ್ಪ ಬೇರೆ ಎತ್ತಿಡಬೇಕು.

ದುಬೈ ಮನೆಯ ಕರಾರುಪತ್ರ ಕೈಗೆ ಬರುವ ತನಕ ಮಗ್ಗ ಕದಲುವುದಿಲ್ಲ ಎಂದು ಪರಮಾನಂದ ಟೆಂಪೋದವನನ್ನು ಕಳಿಸಿದ. ಬಿಚ್ಚಿದ ಬೋಲ್ಟನ್ನು ಮತ್ತೆ ಬಿಗಿದ.

ದುಂಡೇಶ ಕಾವ್ಯಳ ಕಡೆ ತಿರುಗಿದ. ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು ಚಾಚಿದ. ಸದ್ಯಕ್ಕೆ ಕೂಡಿಟ್ಟಷ್ಟೇ ಕೊಡಿ, ಇದರ ನಂಬರ್ ನವೀನನಿಗೆ ಕಳಿಸಿದರೆ ಮುಗಿಯಿತು, ಅವನು ಅದನ್ನು ಹೇಳಿದ ಕೂಡಲೇ ಅಲ್ಲಿ ತನ್ನವನು ದಿರ್ಹಮ್ ಮುಟ್ಟಿಸುತ್ತಾನೆ, ಇದೇ ರಸೀದಿ ಎಂದ. "ಬ್ಯಾಂಕಿನ ದಾರಿ ಕಾಯ್ಕೋತ ಕುಂತ್ರ ಇನ್ನೊಂದ ವರ್ಷ ಇಲ್ಲೇ ಇರ್ತಿ, ತಂಗಿ. ಹಿಡಿ."

ಇಂಥ ನೋಟು ನಾಳೆ ನಿಮ್ಮ ಅಂಗಳಕ್ಕೂ ಬಂದೀತು. ಹೊರದೇಶದಲ್ಲಿ ಮನೆ ಕೊಳ್ಳುವುದು ತಪ್ಪಲ್ಲ. ನಿಮ್ಮ ರೂಪಾಯಿಯನ್ನೇ ಕೊಡಿ. ಆದರೆ ನಿಮ್ಮ ಖಾತೆಯಿಂದ, ಬ್ಯಾಂಕಿನ ಮೂಲಕ ಕೊಡಿ, ಕಾಗದ ಪಡೆಯಿರಿ. ಅವಸರ ಮಾಡುವವರಿಗೆ ಒಂದೇ ಮಾತು ಸಾಕು.

ಆ ಮನೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಕಾವ್ಯಳಿಗೆ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಲ್ಲೆನ್ರಿ."