ನೀಲಿ ಬಳಿದ ತುಟಿ

ಆವತ್ತು ಟಿವಿಗಿಂತ ನನ್ನ ಗಂಟಲೇ ಜೋರಾಗಿತ್ತು. ಇಸವಿ ಎಂಬತ್ತನಾಲ್ಕು, ವಯನಾಡು ಜಿಲ್ಲೆಯಾಗಿ ನಾಲ್ಕು ವರ್ಷ. ತೃಶ್ಶಿಲೇರಿಯ ವಾಚನಾಲಯಕ್ಕೆ ಮೊದಲ ಟಿವಿ ಬಂದಿತ್ತು. ಶಾಲೆಯ ಮಾಷ್, ಅಂದರೆ ಮೇಷ್ಟ್ರು, ಎಂದು ದೀಪ ಹಚ್ಚಿ ಮಾತಾಡಲು ನನ್ನನ್ನೇ ಕರೆದಿದ್ದರು.

"ಇಂಥದ್ದನ್ನು ನಮ್ಮೂರಲ್ಲಿ ಯಾರೂ ಕಂಡವರಿಲ್ಲ" ಎಂದೆ.

ಹಿಂದಿನ ಸಾಲಿನಿಂದ ಕಾಡಿನ ಹಾಡಿಯ ಮುದುಕ ಬೊಮ್ಮನ್ ಎದ್ದ. "ನಾ ಕಂಡಿದೀನಿ ಮಾಷೆ. ಎರಡ್ನೇ ದೊಡ್ಡ ಯುದ್ಧಕ್ಕೂ ಮುಂಚೆ, ಲಂಡನ್ನಲ್ಲಿ. ತೋಟದ ಬಿಳಿ ದೊರೆ, ಆ ಸಾಯಿಪ್ಪು, ನಾಯಿ ನೋಡ್ಕೊಳ್ಳಕ್ಕೆ ಅಂತ ನನ್ನ ಹಡಗಲ್ಲಿ ಕರ್ಕೊಂಡು ಹೋಗಿದ್ದ. ಅವನ ತಂಗಿ ಹಾಡಕ್ಕೆ ಹೋದಾಗ ಸಾಮಾನು ಹೊತ್ಕೊಂಡು ನಾನೂ ಹೋದೆ. ಅವಳ ಮುಖಕ್ಕೆ ಬಿಳಿ ಬಳಿದ್ರು, ತುಟಿಗೆ ನೀಲಿ. ಕತ್ತಲೆ ಕೋಣೇಲಿ ಅವಳು ಹಾಡಿದ್ರೆ ಆಚೆ ಪೆಟ್ಟೀಲಿ ಅಂಗೈಯಷ್ಟು ಮುಖ ಕಾಣ್ತಿತ್ತು."

ಜನ ನನ್ನತ್ತ ತಿರುಗಿದರು. ದೆಹಲಿಗೇ ಟಿವಿ ಬಂದದ್ದು ಐವತ್ತೊಂಬತ್ತರಲ್ಲಿ ಎಂದು ಓದಿಕೊಂಡಿದ್ದವನು ನಾನು. ಜೇನು ಕೀಳುವವನು ನನಗೆ ಪಾಠ ಹೇಳುವುದೇ? ಮೈಯೆಲ್ಲ ಉರಿಯಿತು.

"ನೀಲಿ ತುಟಿಯಂತೆ! ಬೊಗಳೆ ಬಿಡಬೇಡ. ದೀಪದ ಮುಂದೆ ತಪ್ಪೊಪ್ಕೋ" ಎಂದೆ.

ಹಾಡಿಯವರಲ್ಲಿ ಸುಳ್ಳಾಡಿದವನು ದೀಪದ ಮುಂದೆ ವೀಳ್ಯದೆಲೆ ಇಟ್ಟು ಒಪ್ಪಿಕೊಳ್ಳಬೇಕು. ಹಾಗೆ ಬಿಟ್ಟುಕೊಟ್ಟ ಮಾತನ್ನು ಮತ್ತೆಂದೂ ಆಡುವಂತಿಲ್ಲ. ಅದು ಗೊತ್ತಿದ್ದೇ ಹೇಳಿದ್ದೆ. ಬೊಮ್ಮನ್ ಮುಂದೆ ಬಂದ. ಸೊಂಟದ ಚೀಲದಿಂದ ಎಲೆ ತೆಗೆದು ದೀಪದ ಮುಂದಿಟ್ಟ.

"ಕಂಡಿಲ್ಲ ಮಾಷೆ. ತಪ್ಪಾಯ್ತು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಎರಡು ವರ್ಷದ ಮೇಲೆ ಮಾನಂದವಾಡಿಯ ಗ್ರಂಥಾಲಯದಲ್ಲಿ ಬ್ರಿಟನ್ನಿನ ಮೊದಲ ಟಿವಿಯ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಐವತ್ತು ವರ್ಷದ ಹಿಂದೆ, ಆ ಯಂತ್ರದಲ್ಲಿ ಮುಖ ಸ್ಪಷ್ಟವಾಗಿ ಮೂಡಲೆಂದು, ಹಾಡುವವರ ಮುಖಕ್ಕೆ ಬಿಳಿ, ತುಟಿಗೆ ನೀಲಿ ಬಳಿಯುತ್ತಿದ್ದರಂತೆ. ಓದುತ್ತಿದ್ದಂತೆ ನಾಚಿಕೆಯಿಂದ ಕುಗ್ಗಿಹೋದೆ. ಪಕ್ಕದಲ್ಲಿ ಕೂತವರಿಗೆ ಮುಖ ತೋರಿಸಲಾಗದೆ ಎದ್ದು ಬಂದೆ.

ಮರುದಿನ ವೀಳ್ಯದೆಲೆ ಹಿಡಿದು ಹಾಡಿಗೆ ಹೋದೆ. ಬೊಮ್ಮನ್ ಬಿದಿರು ಸೀಳುತ್ತಿದ್ದ. ಮೊಮ್ಮಗಳು ಸೀತ ಪಕ್ಕದಲ್ಲಿದ್ದಳು. ಎಲೆಯನ್ನು ಅವನ ಮುಂದಿಟ್ಟೆ.

"ನೀನು ಹೇಳಿದ್ದು ನಿಜ ಬೊಮ್ಮಣ್ಣ. ತಪ್ಪು ನಂದು. ಊರವರ ಮುಂದೆಯೂ ಹೇಳ್ತೀನಿ. ಆ ಕತೆ ಇನ್ನೊಂದ್ಸಲ ಹೇಳು."

ಸೀತಳ ಮುಖ ಅರಳಿತು. "ಹೇಳಜ್ಜ! ಮೊದಲೆಲ್ಲ ದಿನಾ ಹೇಳ್ತಿದ್ದೆ. ಆ ನೀಲಿ ತುಟಿ ಅಮ್ಮನ ಹಾಡೂ ಹಾಡ್ತಿದ್ದೆ."

ಬೊಮ್ಮನ್ ಎಲೆಯನ್ನು ಎತ್ತಿ, ಮಣ್ಣು ಒರೆಸಿ, ನನ್ನ ಕೈಗೇ ಕೊಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ದೀಪದ ಮುಂದೆ ಕಂಡಿಲ್ಲ ಅಂದಿದೀನಿ ಮಾಷೆ. ಕಾಣದ್ದನ್ನ ಹೆಂಗೆ ಹೇಳ್ಲಿ?"