ಕಾಡುಬಟಾಣಿಯ ಪೀಪಿ

ಹಬೆಯೋ ಬೆವರೋ, ಕಣ್ಣಿಗೆ ಇಳಿದದ್ದು ಯಾವುದಾದರೇನು, ಕಿಟಕಿಯಾಚೆಯ ನೇರಳೆ ಬಣ್ಣ ಕಲಸಿಹೋಗಿದೆ, ತಂತಿಬೇಲಿಗೆ ಹಬ್ಬಿದ ಕಾಡುಬಟಾಣಿ ಅದು, ಇವಳ ಇಸ್ತ್ರಿಪೆಟ್ಟಿಗೆ ಹಿಂದೆ ಮುಂದೆ, ಹಿಂದೆ ಮುಂದೆ, ಆಸ್ಪತ್ರೆಯ ಚಾದರಗಳಿಗೆ ಕೊನೆಯೆಂಬುದಿಲ್ಲ, ಆ ಹೂವಿಗೂ ಇಲ್ಲ, ವರ್ಷವರ್ಷ ಬುಡಮಟ್ಟ ಸವರುತ್ತಾರೆ, ವರ್ಷವರ್ಷ ಹಳೇ ಬೇರಿನಿಂದಲೇ ಎದ್ದು ಬರುತ್ತದೆ, ಭಂಡ ಜೀವ, ಥೇಟ್ ನಿನ್ ಹಾಗೇ ಕಣೇ ಅಕ್ಕಾ ಎಂದು ತಂಗಿ ನಗುತ್ತಿದ್ದಳು, ಊಟದ ಹೊತ್ತಿಗೆ ಸರಿಯಾಗಿ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಇವಳ ಡಬ್ಬಿಗೇ ಕೈಹಾಕಿ — ಅದೆಲ್ಲ ಸ್ಕೂಟರು ಜಾರುವುದಕ್ಕೆ ಮುಂಚೆ, ತಲೆಗೆ ಪೆಟ್ಟು ಬೀಳುವುದಕ್ಕೆ ಮುಂಚೆ. ಈಗ ಇದೇ ಕಟ್ಟಡದ ಮೇಲಿನ ವಾರ್ಡಿನಲ್ಲಿದ್ದಾಳೆ, ಇವಳು ತೀಡಿದ ಚಾದರದ ಮೇಲೆ, ಇವಳನ್ನೇ ಸಿಸ್ಟರ್ ಎಂದು ಕರೆಯುತ್ತ, ಹೂಂನಮ್ಮಾ, ಸಿಸ್ಟರೇ ನಾನು, ಇಂಗ್ಲಿಷಿನಲ್ಲಾದರೂ ಅಕ್ಕ ಅಂದೆಯಲ್ಲ, ಸಾಕು.

ಬೆಳಿಗ್ಗೆ ಮಾಲಿ ಕತ್ತಿ ಮಸೆಯುತ್ತಿದ್ದ, ಕಳೆ ಅಲ್ವೇನಮ್ಮಾ, ಮಧ್ಯಾಹ್ನ ಎಲ್ಲಾ ಕ್ಲೀನು, ಅಂದ, ತಡಿಯಪ್ಪಾ, ಒಂದು ಹಿಡಿ ಕಿತ್ಕೋತೀನಿ, ಎಂದಳು, ಹೂವಿನ ಜೊತೆ ಎಳೆಗಾಯಿಯೂ ಬಂತು, ಹಾಗೇ ಸೆರಗಿನಲ್ಲಿಟ್ಟುಕೊಂಡು ಮೇಲೆ ಹತ್ತಿದಳು, ತಂಗಿ ಹೂವನ್ನು ಕಣ್ಣೆತ್ತಿಯೂ ನೋಡಲಿಲ್ಲ, ಕೈ ನೆಟ್ಟಗೆ ಕಾಯಿಗೆ ಹೋಯಿತು, ಉಗುರಿನಿಂದ ಸೀಳಿ, ಹೆಬ್ಬೆರಳಿನಿಂದ ಬೀಜ ನೂಕಿ, ತುದಿ ಚಿವುಟಿ, ತುಟಿಗಿಟ್ಟು — ಪೀಂ! ಇಡೀ ವಾರ್ಡು ತಿರುಗಿ ನೋಡಿತು, ಶಾಲೆಯಿಂದ ಬರುವ ದಾರಿಯ ಇಳಿಜಾರು, ಗಲೀಜು ಲಂಗ, ಹಲ್ಲು ಬಿದ್ದ ಬಾಯಿ, ಜೋರಾಗಿ ಕಚ್ಬೇಡ್ವೇ ಪೆದ್ದಿ, ಮೆತ್ತಗೆ ಊದು ಎಂದು ಹೇಳಿಕೊಟ್ಟದ್ದು ತಾನೇ ಅಲ್ಲವೇ, ಯಾರು ಕಲಿಸಿದ್ದಮ್ಮಾ ಇದನ್ನ ಎಂದು ಕೇಳಿದಳು. ನಮ್ಮಕ್ಕ, ಇನ್ಯಾರು? ಎಲ್ಲಿದಾಳೆ ಅಕ್ಕ? ಬರ್ತಾಳೆ, ಪಾಪ, ಕೈತುಂಬಾ ಕೆಲಸ ಅವಳಿಗೆ. ನಾನೇ ಕಣೇ — ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು, ಹೋದ ವಾರ ಹಾಗೆಂದದ್ದಕ್ಕೆ ತಂಗಿ ಹೆದರಿ ಕಿರುಚಿ ರಂಪ ಮಾಡಿದ್ದಳು, ಬಲವಂತ ಮಾಡ್ಬೇಡಿ ಎಂದಿದ್ದರು ಡಾಕ್ಟರು, ಅಷ್ಟರಲ್ಲಿ ತಂಗಿ ಇನ್ನೊಂದು ಕಾಯಿ ಸೀಳಿ ಪೀಪಿ ಮಾಡಿ ಒರೆಸಿದಳು, ತನಗೇ ಎಂದುಕೊಂಡು ಇವಳು ಕೈ ಚಾಚಿದಳು, ಎಂಥ ಹುಚ್ಚು, ಅಂಗೈ ಬಿಚ್ಚಿ ಚಾಚಿಯೇಬಿಟ್ಟಳು.

ಅಯ್ಯೋ, ಇದು ನಿಮಗಲ್ಲ ಸಿಸ್ಟರ್, ನಮ್ಮಕ್ಕನ ಪಾಲಿಂದು, ಎಂದಳು ತಂಗಿ, ಎದೆಗೊತ್ತಿಕೊಂಡು ಮುಷ್ಟಿ ಮುಚ್ಚಿದಳು.

ಹೊರಗೆ ಕತ್ತಿಯ ಸದ್ದು ಶುರುವಾಗಿದೆ, ಸವರಲಿ ಬಿಡು, ಬೇರು ಇದೆಯಲ್ಲ, ಬರುತ್ತದೆ, ಬಾರದೆ ಏನು, ಅಕ್ಕ ಸಂಜೆಗೆ ಬರ್ತಾಳೆ ಎಂದು ಹೇಳಿ ಇಳಿದು ಬಂದೆನಲ್ಲ, ಸಂಜೆಗೆ ಯಾರು ಹೋಗುವುದು, ಯಾವ ಮುಖ ಹೊತ್ತು, ಇಸ್ತ್ರಿಪೆಟ್ಟಿಗೆ ನಿಂತಿದೆ, ಚಾದರ ಅರ್ಧಕ್ಕೇ ನಿಂತಿದೆ, ಆ ಮುಷ್ಟಿ, ಬೆರಳ ಸಂದಿಯಲ್ಲಿ ಇಣುಕುವ ಹಸಿರು ತುದಿ, ಆ ಮುಷ್ಟಿ —